ಕೋಣ? ಹಾಂವ! ನಮ್ಮ ಜಿಲ್ಲೆಯ ಪುಟ್ಟ ಪದಗಳ ದೊಡ್ಡ ಗಲಿಬಿಲಿ

ಕಾಳಿತೀರ, ಕಾರವಾರ

ಕಾರವಾರಕ್ಕೆ ಹೊಸದಾಗಿ ವರ್ಗವಾಗಿ ಬಂದವರಿಗೆ ಇಲ್ಲಿಯವರು ಹೇಳುವ ಮೊದಲ ಜೋಕು ಗೊತ್ತಲ್ಲ? ಯಾರೋ ಬಾಗಿಲು ತಟ್ಟುತ್ತಾರೆ. ಒಳಗಿನಿಂದ "ಕೋಣ?" ಹೊರಗಿನಿಂದ "ಹಾಂವ!" ಕೊಂಕಣಿಯಲ್ಲಿ ಇದು "ಯಾರು?", "ನಾನು" ಅಷ್ಟೇ. ಕನ್ನಡದ ಕಿವಿಗೆ ಮಾತ್ರ ಒಳಗೊಂದು ಕೋಣ, ಹೊರಗೊಂದು ಹಾವು.

ಜೋಕು ಹಳೇದು, ಬಿಡಿ. ನಾನು ಕೇಳಬೇಕು ಅಂತಿರೋದು "ನಾ" ಬಗ್ಗೆ. ಕನ್ನಡದಲ್ಲಿ "ನಾ" ಅಂದರೆ ನಾನು. ಕೊಂಕಣಿಯಲ್ಲಿ "ನಾ" ಅಂದರೆ ಇಲ್ಲ. ನಮ್ಮ ಕಚೇರಿಯಲ್ಲಿ "ನಾಳೆ ಬೇಗ ಬರೋರು ಯಾರು?" ಅಂತ ಕೇಳಿದರೆ ಹಳಿಯಾಳ ಕಡೆಯವರು ಕೈ ಎತ್ತಿ "ನಾ" ಅಂತಾರೆ. ಮಾಜಾಳಿಯವರು ಕೈ ಆಡಿಸಿ "ನಾ" ಅಂತಾರೆ. ಕೈ ನೋಡದಿದ್ದರೆ ಯಾರು ಬರ್ತಾರೆ, ಯಾರು ಬರಲ್ಲ ಅಂತ ತಿಳಿಯೋದೇ ಇಲ್ಲ.

ಈಗ ಮೂರನೇ "ನಾ" ಒಂದು ಮನೆಗೆ ಬಂದಿದೆ. ತಂಗಿಯ ಮಗಳು ಹೊತ್ತಿಲ್ಲ ಗೊತ್ತಿಲ್ಲ, ಕೊರಿಯನ್ ಧಾರಾವಾಹಿ ನೋಡುತ್ತಾಳೆ. "ಮಾಮಾ, ಅವರೂ ಅಪ್ಪನಿಗೆ ಅಪ್ಪಾ ಅಂತಾರೆ, ಅಮ್ಮನಿಗೆ ಒಮ್ಮಾ ಅಂತಾರೆ, ನಾನು ಅನ್ನೋದಕ್ಕೆ ನಾ ಅಂತಾರೆ. ಕನ್ನಡ, ಕೊರಿಯನ್ ಎರಡೂ ಒಂದೇ ಬುಡದ್ದು" ಅಂತ ಅವಳ ವಾದ. ಪಕ್ಕದ ಮನೆಯ ಕೊಂಕಣಿಯಲ್ಲೇ "ನಾ" ಉಲ್ಟಾ ಆಗುವಾಗ, ಸಮುದ್ರದಾಚೆಯ ಕೊರಿಯಾದಲ್ಲಿ ನಮ್ಮ ಅರ್ಥವೇ ಇದೆ ಅಂದರೆ ಏನು ಹೇಳೋದು? ಇದು ನೆಂಟಸ್ತಿಕೆಯೋ, ಕಾಕತಾಳೀಯವೋ? ಹಾಗೇ, ನಿಮಗೆ ಗೊತ್ತಿರುವ ಇಂಥ ಪದಗಳನ್ನೂ ಹಾಕಿ. ಯಾವ ಭಾಷೆ, ಏನು ಅರ್ಥ ಅಂತ ಹೇಳಿದರೆ ಸಾಕು.

ಬಾಂಗಡೆ ಅಕ್ಕ, ಸದಾಶಿವಗಡ

"ಹಾಡ" ಬಿಟ್ಟುಬಿಟ್ಟಿರಲ್ಲ! ಕನ್ನಡದಲ್ಲಿ ಹಾಡು. ಕೊಂಕಣಿಯಲ್ಲಿ "ಹಾಡ" ಅಂದರೆ ತೆಗೆದುಕೊಂಡು ಬಾ. ಮೂಳೆಗೂ "ಹಾಡ" ಅಂತಾರೆ.

ಆದಿತ್ಯವಾರದ ಸಂತೆಯಲ್ಲಿ ಇದನ್ನು ಕಣ್ಣಾರೆ ನೋಡಿದೆ. ಅಂಕೋಲಾ ಕಡೆಯ ಅಜ್ಜಿಯೊಬ್ಬಳು ಹರಿವೆ ಸೊಪ್ಪು, ಬಸಳೆ ಹರಡಿಕೊಂಡು ಕೂತಿದ್ದಳು. ಪಕ್ಕದಲ್ಲಿ ಮೊಮ್ಮಗ. ನಮ್ಮ ಕೇರಿಯ ಬಾಯಿಯೊಬ್ಬಳು ಬಂದು ಸೊಪ್ಪು ಆರಿಸಿ, ಆಚೆ ಬಿಟ್ಟುಬಂದಿದ್ದ ಚೀಲದ ಕಡೆ ಕೈ ತೋರಿಸಿ ಹುಡುಗನಿಗೆ "ಪಿಶ್ವಿ ಹಾಡ ರೇ" ಅಂದಳು. ಚೀಲ ತಾರೋ ಅಂತ. ಹುಡುಗ ಅಜ್ಜಿಯ ಸೆರಗು ಹಿಡಿದುಕೊಂಡು ನಾಚಿಕೊಂಡ. "ನಂಗೆ ಹಾಡೂಕೆ ಬರೂದಿಲ್ಲ" ಅಂದ. ಅಜ್ಜಿಗೆ ಎರಡೂ ಭಾಷೆ ಗೊತ್ತು. ನಗು ತಡೆಯಲಾಗದೆ ತೂಕದ ಬಟ್ಟು ಕೆಳಗಿಟ್ಟಳು.

ಇನ್ನೂ ಇವೆ. "ದಾರ" ನಿಮಗೆ ಹೊಲಿಯೋ ನೂಲು, ನಮಗೆ ಬಾಗಿಲು. "ಪೇಜ" ನಮಗೆ ಗಂಜಿ, ಶಾಲೆ ಮಕ್ಕಳಿಗೆ ಪುಸ್ತಕದ ಪುಟ. "ಹೂನ" ಅಂದರೆ ಬಿಸಿ, ಹೂವಿಗೂ ಅದಕ್ಕೂ ಸಂಬಂಧ ಇಲ್ಲ. "ಮೀಠ" ಅಂದರೆ ಉಪ್ಪು. ಇಂಗ್ಲಿಷ್ ಮೀಡಿಯಂ ಮೊಮ್ಮಕ್ಕಳಿಗೆ ಇದು ಮಾಂಸ, ಮುಂಬೈಯಿಂದ ಬಂದ ಸೊಸೆಗೆ ಇದು ಸಿಹಿ. ಅಡುಗೆ ಮನೆಯಲ್ಲಿ ಕೂಗಿ ಹೇಳೋ ಪದವೇ ಅಲ್ಲ ಇದು.

"ಮಾಡ" ಅಂದರೆ ತೆಂಗಿನಮರ. ಕರಾವಳಿ ಕನ್ನಡದಲ್ಲಿ ಮಾಡು ಅಂದರೆ ಮನೆಯ ಸೂರು. ತಮಿಳರಿಗೆ ಮಾಡು ಅಂದರೆ ದನ. ಮಳೆಗಾಲದಲ್ಲಿ ಮಾಡಿನ ಮೇಲೆ ಮಾಡ ಬಿತ್ತು, ಒಳಗೆ ಮಾಡು ಇತ್ತು ಅಂದರೆ ಸರ್ಕಾರಿ ಪಂಚನಾಮೆ ಬರೆಯೋರ ಗತಿ ಏನು?

ಘಟ್ಟದ ಮಾಣಿ, ಶಿರಸಿ

ಅಕ್ಕಾ, ಪಂಚನಾಮೆ ಚೆನ್ನಾಗಿದೆ. ನಮ್ಮ ಕಡೆಯದೂ ಎರಡು ಕೇಳಿ.

ಹವ್ಯಕರ ಮನೆಯಲ್ಲಿ "ಕೂಸು" ಅಂದರೆ ಹುಡುಗಿ. ಬೆಂಗಳೂರಿನವರಿಗೆ ಕೂಸು ಅಂದರೆ ತೊಟ್ಟಿಲಲ್ಲಿ ಮಲಗಿರೋದು. "ನಮ್ಮ ಕೂಸಿಗೆ ಬ್ಯಾಂಕಲ್ಲಿ ಕೆಲಸ ಆತು" ಅಂದಾಗ ಎದುರಿನವರ ಮುಖ ನೋಡಬೇಕು. ಇನ್ನೊಂದು "ಅಪ್ಪೆ". ನಮಗೆ ಅದು ಉಪ್ಪಿನಕಾಯಿಗೆ ಹಾಕುವ ಘಮಘಮ ಮಿಡಿ ಮಾವು. ತುಳುವಿನಲ್ಲಿ ಅಪ್ಪೆ ಅಂದರೆ ಅಮ್ಮ. ಮಂಗಳೂರಿನ ಗೆಳೆಯನಿಗೆ ಊಟದ ಮಧ್ಯೆ "ಅಪ್ಪೆಹುಳಿ ಕುಡಿಯೋ" ಅಂದೆ. ಲೋಟ ಹಿಡಿದು ಸ್ವಲ್ಪ ಹೊತ್ತು ಹಾಗೇ ಕೂತ. ಕುಡಿದ ಮೇಲೆ ಎರಡನೇ ಲೋಟ ಕೇಳಿದ, ಅದು ಬೇರೆ ಮಾತು.

ಇವು ತಮಾಷೆ. ಕೊರಿಯಾದ್ದು ಹಾಗಲ್ಲ. ಅದು ಜಾಲತಾಣದಲ್ಲೆಲ್ಲ ಓಡಾಡುತ್ತಿರುವ ವಾದ. ಹೊಸದೂ ಅಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲೇ ಹೋಮರ್ ಹಲ್ಬರ್ಟ್ ಅನ್ನುವ ಅಮೆರಿಕನ್ ಕೊರಿಯನ್ ಭಾಷೆಯನ್ನೂ ದ್ರಾವಿಡ ಭಾಷೆಗಳನ್ನೂ ಪಕ್ಕಪಕ್ಕ ಇಟ್ಟು ಪುಸ್ತಕ ಬರೆದಿದ್ದ. ಇವತ್ತಿನ ಭಾಷಾ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ.

ಯಾಕೆ ಅಂತ ತಿಳಿಯೋಕೆ ಶಿರಸಿಯ ಯಾವುದಾದರೂ ಅಡಿಕೆ ತೋಟದ ಮನೆಗೆ ಬನ್ನಿ. ನಾವು "ನಾ" ಅನ್ನೋದೇ ಇಲ್ಲ. "ಆನು" ಅಂತೇವೆ. ಹಳಗನ್ನಡದಲ್ಲೂ ನಾನು ಅನ್ನೋದಕ್ಕೆ "ಆನ್", "ಆಂ" ಅಂತಲೇ ಇತ್ತು. ತುಳುವಿನಲ್ಲಿ "ಯಾನ್". ಹಳೆಯ ತಮಿಳಿನಲ್ಲೂ "ಯಾನ್". ಕನ್ನಡದಲ್ಲಿ ಮುಂದಿರುವ ಆ "ನ" ಬಳಕೆಯಲ್ಲಿ ನೆಲೆ ನಿಂತದ್ದು ಆಮೇಲೆ. ಅಂದರೆ ನಿಮ್ಮ ಸೊಸೆ ಕೊರಿಯನ್ "ನಾ" ಜೊತೆ ಹೋಲಿಸುತ್ತಿರುವುದು ನಮ್ಮ ಪದದ ಹೊಸ ಮುಖವನ್ನು. ಹಳೆಯ ಮುಖ ತೋರಿಸಿದರೆ ಹೋಲಿಕೆಯೇ ಮಾಯ.

ಭಟ್ಕಳ ಮಲ್ಲಿಗೆ

ಹವ್ಯಕರು "ಆನು" ಅಂತಾರಾ? ಹಾಗಾದ್ರೆ ಶುಭ ಸಮಾಚಾರ. ಅರಬ್ಬಿಯಲ್ಲಿ ನಾನು ಅನ್ನೋದಕ್ಕೆ "ಅನಾ"! ಶಿರಸಿಯವರಿಗೂ ಮಕ್ಕಾದವರಿಗೂ ನೆಂಟಸ್ತಿಕೆ ಇವತ್ತು ಗೊತ್ತಾಯ್ತು. ಮಾಣಿ, ಮದುವೆಗೆ ಕರೀರಿ.

ನಮ್ಮ ಭಟ್ಕಳದ ನವಾಯತಿ ಮೂಲದಲ್ಲಿ ಕೊಂಕಣಿಯೇ. ಅರಬ್ಬಿ, ಪಾರ್ಸಿ ಪದ ತುಂಬಿಕೊಂಡಿದೆ, ಬರೆಯೋದು ಅರಬ್ಬಿ ಲಿಪಿಯಲ್ಲಿ. ಜೊತೆಗೆ ನಮ್ಮಲ್ಲಿ ಅರ್ಧ ಊರು ಕೊಲ್ಲಿ ದೇಶಗಳಿಗೆ ಹೋಗಿ ಬಂದದ್ದು. ಹಾಗಾಗಿ ಈ ಗಲಿಬಿಲಿ ದಿನಾ ಇದ್ದದ್ದೇ. ಕೊಂಕಣಿಯವರು ಗೌರವಕ್ಕೆ "ಬಾಬ್" ಅಂತಾರೆ. ಅರಬ್ಬಿಯಲ್ಲಿ "ಬಾಬ್" ಅಂದರೆ ಬಾಗಿಲು. ಕನ್ನಡದ "ನಾರು" ಬಾಳೆಯದ್ದು, ತೆಂಗಿನದ್ದು. ಅರಬ್ಬಿಯ "ನಾರ್" ಬೆಂಕಿ. ತೆಂಗಿನ ನಾರಿನ ಗೋದಾಮಿನ ಹತ್ತಿರ ಅರಬ್ಬಿಯಲ್ಲಿ ಕೂಗಬೇಡಿ.

"ಲಾ" ನನಗೆ ಬಹಳ ಇಷ್ಟ. ಅರಬ್ಬಿಯಲ್ಲಿ "ಲಾ" ಅಂದರೆ ಇಲ್ಲ, ಬೇಡ. ಮಂಡ್ಯದವರು "ಏನ್ಲಾ" ಅಂತ ಕರೀತಾರೆ. ಫ್ರೆಂಚರಿಗೆ ಅದು ಹೆಣ್ಣು ಪದಗಳಿಗೆ ಮೊದಲು ಬರೋ ಗುರುತು. ಸಿಂಗಪುರದವರು ಇಂಗ್ಲಿಷಿನ ಪ್ರತಿ ಮಾತಿಗೂ ಬಾಲದಲ್ಲಿ "ಲಾ" ಅಂಟಿಸ್ತಾರೆ.

ಘಟ್ಟದ ಮಾಣಿ, ಶಿರಸಿ

ಸಾಹೇಬ್ರೆ, ಮದುವೆಗೆ ಖಂಡಿತ ಬನ್ನಿ, ಊಟಕ್ಕೆ ಅಪ್ಪೆಹುಳಿ ಇರ್ತದೆ. ಆದರೆ ನೀವು ತಮಾಷೆಗೆ ಹೇಳಿದ್ದು ನನ್ನ ಮಾತಿಗೇ ಸಾಕ್ಷಿ. ಒಂದು ಪದ ಹೊಂದಿತು ಅಂತ ಭಾಷೆಯನ್ನೇ ನೆಂಟ ಮಾಡಿಕೊಂಡರೆ ಬೆಳಿಗ್ಗೆ ಕೊರಿಯಾ, ಸಂಜೆ ಅರೇಬಿಯಾ.

ಸರಿಯಾದ ಪರೀಕ್ಷೆ ಬೇರೆ. ಒಂದು ಪದ ಅಲ್ಲ, ಅದರ ಸಂಸಾರವನ್ನೆಲ್ಲ ಕರೆದು ನಿಲ್ಲಿಸಬೇಕು. ನಾನು, ನನ್ನ, ನನಗೆ, ನಾವು, ನಮ್ಮ. ಅರಬ್ಬಿಯಲ್ಲಿ "ಅನಾ" ನಾನು. "ನನ್ನ" ಅನ್ನೋಕೆ ಪದದ ಕೊನೆಗೆ ಒಂದು "ಈ" ಸೇರಿಸ್ತಾರೆ, "ಕಿತಾಬೀ" ಅಂದರೆ ನನ್ನ ಪುಸ್ತಕ. ನಾವು ಅಂದರೆ "ನಹ್ನು". ಎಲ್ಲಿ ಹೊಂದಿತು? ಕೊರಿಯನ್ನಲ್ಲಿ "ನಾ" ಸರಿ. "ನಾವು" ಅನ್ನೋಕೆ ಅವರು ಹೇಳೋದು "ಉರಿ". ನಮಗೆ ಅದು ಬೆಂಕಿ, ಇಲ್ಲಾ ಹೊಟ್ಟೆಕಿಚ್ಚು. ನೀರಿಗೆ ಅವರಲ್ಲಿ "ಮುಲ್", ಕಣ್ಣಿಗೆ "ನುನ್". ನಾ ಒಂದು ಬಿಟ್ಟರೆ ಕೈಗೆ ಏನೂ ಸಿಗೋದಿಲ್ಲ.

ಅದೇ ತಮಿಳಿನ ಪಕ್ಕ ನಿಲ್ಲಿ. ಹಾಲು, ಪಾಲ್. ಹಲ್ಲು, ಪಲ್. ಹುಲಿ, ಪುಲಿ. ಹೂ, ಪೂ. ಹಾವು, ಪಾಂಬು. ಪದದ ಮೊದಲಲ್ಲಿ ಅವರ "ಪ" ಇರುವಲ್ಲಿ ನಮ್ಮ "ಹ". ಹಳಗನ್ನಡದಲ್ಲಿ ನಮ್ಮದೂ "ಪ"ನೇ ಇತ್ತು, ಪಾಲ್, ಪುಲಿ, ಪಾವು ಅಂತ. ನಡುಗನ್ನಡಕ್ಕೆ ಬರುವಾಗ ಹ ಆಯಿತು. ಒಂದು ಕಡೆ ಅಲ್ಲ, ಸಾಲಾಗಿ. ನೆಂಟಸ್ತಿಕೆಗೆ ಇಂಥ ಸಾಲು ಬೇಕು. ಹಾಲು ಮತ್ತು ಪಾಲ್ ಕೇಳೋಕೆ ಬೇರೆಯಾದರೂ ಸ್ವಂತ ಅಕ್ಕತಂಗಿಯರು. ನಾ ಮತ್ತು ನಾ ಕೇಳೋಕೆ ಒಂದೇ ಆದರೂ ಪರಿಚಯವೇ ಇಲ್ಲದವರು.

ಮುಂಡಗೋಡ ಮೇಷ್ಟ್ರು

ನಮ್ಮ ತಾಲೂಕನ್ನು ಎಲ್ಲರೂ ಮರೆಯುತ್ತಾರೆ. 1966ರಿಂದ ಇಲ್ಲಿ ಟಿಬೆಟಿಯನ್ನರ ದೊಡ್ಡ ಕ್ಯಾಂಪ್ ಇದೆ, ಡ್ರೆಪುಂಗ್, ಗಾದೆನ್ ಮಠಗಳಿವೆ. ಪೇಟೆಯ ಅಂಗಡಿಗಳಲ್ಲಿ ಕನ್ನಡ, ಹಿಂದಿ, ಟಿಬೆಟಿಯನ್ ಮೂರೂ ಒಟ್ಟಿಗೆ ಕೇಳುತ್ತವೆ.

ಟಿಬೆಟಿಯನ್ನಲ್ಲಿ "ಛು" ಅಂದರೆ ನೀರು. ಕನ್ನಡದಲ್ಲಿ "ಛೂ" ಅಂದರೆ ನಾಯಿ ಬಿಡೋದು. ಮಠದ ಪುಟ್ಟ ಹುಡುಗನೊಬ್ಬ ಹೋಟೆಲಿಗೆ ಬಂದು "ಛು, ಛು" ಅಂದ. ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಕಿವಿ ನಿಮಿರಿಸಿತು. ಆ ನಾಯಿಗೆ ಕನ್ನಡ ಮಾತ್ರ ಬರುತ್ತಿತ್ತು.

ಭಟ್ಕಳದವರ "ಲಾ" ಪಟ್ಟಿಗೆ ಇದನ್ನೂ ಸೇರಿಸಿ. ಟಿಬೆಟಿಯನ್ನಲ್ಲಿ "ಲಾ" ಅಂದರೆ ಬೆಟ್ಟದ ಕಣಿವೆ ದಾರಿ. ನಾಥು ಲಾ, ಖರ್ದುಂಗ್ ಲಾ ಅಂತ ಕೇಳಿದ್ದೀರಲ್ಲ. ನಮ್ಮ ಅರಬೈಲು ಘಟ್ಟ, ದೇವಿಮನೆ ಘಟ್ಟದ ಹಾಗೆ. ಹೆಸರಿನ ಕೊನೆಗೆ ಗೌರವಕ್ಕೆ "ರೀ" ಅಂದ ಹಾಗೆ ಹೇಳೋ "ಲಾ" ಬೇರೆಯೇ ಇದೆ.

ಅವರು ತಾಯಿಗೆ "ಅಮಾ" ಅಂತಾರೆ. ನಮ್ಮ ಶಾಲೆಯಲ್ಲಿ ಇದನ್ನು ಕೇಳಿ "ಅಮ್ಮ ಅನ್ನೋದು ಅಲ್ಲಿಗೂ ನಮ್ಮಿಂದಲೇ ಹೋದದ್ದು" ಅಂತ ಒಬ್ಬರು ಎದೆ ತಟ್ಟಿಕೊಂಡರು. ಹಾಗಲ್ಲ. ಅಮ್ಮ, ಅಪ್ಪ ಪದಗಳನ್ನು ಈ ಲೆಕ್ಕದಿಂದಲೇ ತೆಗೆದಿಡಬೇಕು. ಮಗು ಮೊದಲು ಹೊರಡಿಸುವ ಸದ್ದು ತುಟಿಯದ್ದು. ಬಾಯಿ ತೆರೆದರೆ "ಆ", ತುಟಿ ಮುಚ್ಚಿದರೆ "ಮ", "ಪ", "ಬ". ಹಾಲು ಕುಡಿಯುವಾಗ ಮೂಗಿನಲ್ಲಿ ಬರುವ ಸದ್ದೂ "ಮ"ಕಾರವೇ. ಎದುರಿಗಿರುವ ತಾಯಿ ಇದನ್ನು ತನ್ನನ್ನೇ ಕರೆದದ್ದು ಅಂದುಕೊಳ್ಳುತ್ತಾಳೆ. ರೋಮನ್ ಯಾಕಬ್ಸನ್ ಎಂಬ ಭಾಷಾ ವಿದ್ವಾಂಸ ಇದನ್ನು ವಿವರವಾಗಿ ಹೇಳಿದ್ದಾನೆ. ಹಾಗಾಗಿ ಈ ಪದಗಳು ಲೋಕದ ಎಲ್ಲಾ ಕಡೆ ತಾವೇ ಹುಟ್ಟುತ್ತವೆ, ಯಾರೂ ಯಾರಿಗೂ ಕೊಟ್ಟದ್ದಲ್ಲ.

ಸದ್ದು ಒಂದೇ ಆದರೂ ಯಾರಿಗೆ ಅಂಟಬೇಕು ಅನ್ನೋದು ಊರೂರಿಗೆ ಬೇರೆ. ಜಾರ್ಜಿಯಾ ದೇಶದ ಭಾಷೆಯಲ್ಲಿ "ಮಾಮಾ" ಅಂದರೆ ಅಪ್ಪ! ತಾಯಿಗೆ "ದೆದಾ". ಕಾಳಿತೀರದವರೇ, ನೀವು ಅಲ್ಲಿಗೆ ಹೋದರೆ ಸೊಸೆ ನಿಮ್ಮನ್ನು ಕರೆದಾಗ ಹುಷಾರು.

ಹಡಗಿನವ, ಊರು ಬೇಲೇಕೇರಿ

ಈಗ ಹಡಗಿನಲ್ಲಿದ್ದೇನೆ, ನೆಟ್ ಸಿಕ್ಕಾಗ ಓದ್ತಾ ಇದ್ದೆ. "ನಾ" ಪಟ್ಟಿ ಉದ್ದ ಮಾಡ್ತೇನೆ. ಥಾಯ್ ಭಾಷೆಯಲ್ಲಿ "ನಾ" ಅಂದರೆ ಗದ್ದೆ, ರಾಗ ಬದಲಾದರೆ ಮುಖ. ಜಪಾನಿಯಲ್ಲಿ ಹೆಸರು. ಚೀನಿಯಲ್ಲಿ ಒಂದು ರಾಗಕ್ಕೆ ಅದು, ಇನ್ನೊಂದು ರಾಗಕ್ಕೆ ತಗೋ. ರಷ್ಯನ್ನಲ್ಲಿ ಮೇಲೆ.

ಕೆಲಸದಲ್ಲಿ ತೊಂದರೆ ಕೊಟ್ಟದ್ದು ಮಾತ್ರ "ನೆ". ನಮ್ಮ ಚೀಫ್ ಇಂಜಿನಿಯರ್ ಗ್ರೀಕ್ ಮನುಷ್ಯ. ಗ್ರೀಕಿನಲ್ಲಿ "ನೆ" ಅಂದರೆ ಹೌದು. ನಮ್ಮ ಕಿವಿಗೆ ನ ಬಂತು ಅಂದರೆ ಇಲ್ಲ ಅಂತಲೇ. ವಾಲ್ವ್ ತೆರೀಲಾ ಅಂತ ಕೇಳಿದೆ. "ನೆ, ನೆ" ಅಂದ. ನಾನು ಸುಮ್ನೆ ನಿಂತೆ. ಅವನು ಮತ್ತೆ "ನೆ!" ಅಂದ, ಧ್ವನಿ ಜಾಸ್ತಿ ಆಯ್ತು. ನಾನು ವಾಲ್ವಿನಿಂದ ಇನ್ನೂ ಎರಡು ಹೆಜ್ಜೆ ಹಿಂದೆ ಹೋದೆ. ಕೊನೆಗೆ ಅವನೇ ಬಂದು ತಿರುಗಿಸಿದ.

ಕೊರಿಯನ್ನಲ್ಲೂ "ನೆ" ಅಂದರೆ ಹೌದು. ಜಪಾನಿನವರು ಮಾತಿನ ಕೊನೆಗೆ "ನೇ" ಅಂದರೆ ನಮ್ಮ "ಅಲ್ವಾ" ಇದ್ದ ಹಾಗೆ. ಬ್ರೆಜಿಲ್‌ನವರೂ ಮಾತಿನ ಕೊನೆಗೆ "ನೆ?" ಅಂತಾರೆ, ಅದೂ ಅಲ್ವಾ ಅಂತಲೇ! ಅವರದ್ದು ಪೋರ್ಚುಗೀಸಿನ "ನಾಂವ್ ಎ", ಅಂದರೆ "ಅಲ್ಲವೇ", ಸವೆದು ಆದದ್ದು. ಜಪಾನಿಗೂ ಅದಕ್ಕೂ ಸಂಬಂಧ ಇಲ್ಲ. ಸದ್ದೂ ಒಂದೇ, ಕೆಲಸವೂ ಒಂದೇ, ಆದರೂ ಸುಮ್ನೆ ಹಾಗಾದದ್ದು.

ಗಡಿ ಗೇಟು, ಮಾಜಾಳಿ

ಪ್ರಶ್ನೆ ನನ್ನದು. ಪೋರ್ಚುಗೀಸಿನಲ್ಲಿ ಇಲ್ಲ ಅನ್ನೋದಕ್ಕೆ "ನಾಂವ್", ಕೊಂಕಣಿಯಲ್ಲಿ "ನಾ". ಗೋವಾವನ್ನು ಅವರು 1510ರಿಂದ 1961ರವರೆಗೆ ಆಳಿದ್ದಾರೆ. ಹಾಗಾದರೆ ನಮ್ಮ "ನಾ" ಅವರು ಬಿಟ್ಟುಹೋದದ್ದೇ ಅಲ್ವಾ? ಪಾವ್ ಮಾತ್ರ ನಮ್ಮದು, ನಾಲ್ಕು ತುಂಡು ಒಟ್ಟಿಗೆ ಬರುತ್ತದೆ, ಒಂದು ತುಂಡು ಅಂದರೆ ಪಾವು, ಕಾಲು ಭಾಗ.

ಬಾಂಗಡೆ ಅಕ್ಕ, ಸದಾಶಿವಗಡ

ಎರಡೂ ಉಲ್ಟಾ ತಮ್ಮಾ. "ನಾ" ನಮ್ಮದು, "ಪಾವ್" ಅವರದ್ದು.

ಪೋರ್ಚುಗೀಸರು ಕೊಟ್ಟದ್ದೆಲ್ಲ ಸಾಮಾನು. ಅವರು ತಂದಿಟ್ಟ ವಸ್ತುವಿನ ಜೊತೆ ಹೆಸರೂ ಬಂತು. ಚಾವಿ, ಬಟಾಟೆ, ಅನಾನಸು. ಸಂಬಳಕ್ಕೆ ಪಗಾರ ಅನ್ನೋದೂ ಅವರದ್ದೇ. ಬ್ರೆಡ್ಡಿಗೆ ಅವರು "ಪಾಂವ್" ಅಂತಾರೆ, ಅದೇ ಪಾವ್ ಆಯ್ತು. ನಾಲ್ಕು ತುಂಡಿನ ಕತೆ ಆಮೇಲೆ ಯಾರೋ ಕಟ್ಟಿದ್ದು. ಆದರೆ "ಇಲ್ಲ" ಅನ್ನೋಕೆ ಯಾರಾದರೂ ಹಡಗಿನವರನ್ನು ಕಾದು ಕೂತಿರ್ತಾರಾ?

ನಾ, ನಾಂವ್ ಹೋಲಿಕೆಗೆ ಕಾರಣ ಇನ್ನೂ ಹಳೇದು. ಕೊಂಕಣಿ, ಪೋರ್ಚುಗೀಸ್ ಎರಡೂ ಇಂಡೋ-ಯುರೋಪಿಯನ್ ಕುಟುಂಬದ್ದು. ಎಣಿಸಿ ನೋಡು. ನಮ್ಮ ದೋನ, ಅವರ ದೊಯ್ಸ್. ನಮ್ಮ ಸಾತ, ಅವರ ಸೆತೆ. ನಮ್ಮ ಆಠ, ಅವರ ಒಯ್ತು. ನಮ್ಮ ತೂ ಅಂದರೆ ನೀನು, ಅವರಲ್ಲೂ ತು. ಮಾಣಿ ಹೇಳಿದ ಸಾಲು ಇಲ್ಲಿ ಸಿಗ್ತದೆ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬರೋಕೆ ಸಾವಿರಾರು ವರ್ಷ ಮೊದಲೇ ಬೇರೆಯಾದ ದಾಯಾದಿಗಳು ಇವು. ಮತ್ತೆ ಮಾಂಡವಿ ದಡದಲ್ಲಿ ಸಿಕ್ಕಾಗ ಒಬ್ಬರಿಗೊಬ್ಬರು ಗುರುತೇ ಹಿಡಿಯಲಿಲ್ಲ.

ಘಟ್ಟದ ಮಾಣಿ, ಶಿರಸಿ

ಅಕ್ಕನ ಮಾತಿಗೆ ಒಂದು ಸೇರಿಸ್ತೇನೆ. "ಪಾವು" ಈಗ ಮೂರಾಯ್ತು. ಬ್ರೆಡ್ಡು, ಕಾಲು ಭಾಗ, ಹಳಗನ್ನಡದ ಹಾವು. ಪಂಪನ ಕಾಲದವರು ನಮ್ಮ ಬಸ್‌ಸ್ಟ್ಯಾಂಡಿಗೆ ಬಂದು "ವಡಾ ಪಾವ್" ಬೋರ್ಡು ಓದಿದರೆ ಹಿಂದಿನ ಬಸ್ಸಿಗೇ ಹತ್ತುತ್ತಾರೆ.

ಅಘನಾಶಿನಿ, ಕುಮಟಾ

ನಾನು ಲೆಕ್ಕ ಪಾಠ ಮಾಡೋಳು. ಈ ಕಾಕತಾಳೀಯ ಆಗದೇ ಇದ್ದಿದ್ದರೇ ಆಶ್ಚರ್ಯ ಪಡಬೇಕಿತ್ತು. ಕನ್ನಡದ ವರ್ಣಮಾಲೆಯಲ್ಲಿ 34 ವ್ಯಂಜನ. ಅ ಆ ಇ ಈ ಉ ಊ ಎ ಏ ಒ ಓ ಅಂತ ಸ್ವರ 10 ಹಿಡಿಯಿರಿ. ಒಂದು ವ್ಯಂಜನ, ಒಂದು ಸ್ವರ ಸೇರಿದರೆ ಸಿಗೋದು 340 ಸದ್ದು ಮಾತ್ರ. ಎಷ್ಟೋ ಭಾಷೆಗಳಲ್ಲಿ ಇದೂ ಇಲ್ಲ, ಮಹಾಪ್ರಾಣವೇ ಇರೋದಿಲ್ಲ. ಲೋಕದಲ್ಲಿ ಸುಮಾರು 7000 ಭಾಷೆಗಳಿವೆ. ಎಲ್ಲರಿಗೂ ನಾನು, ನೀನು, ಇಲ್ಲ, ಹೌದು, ಅದು, ಇದು ಬೇಕು. ದಿನಾ ಬಳಸೋ ಪದ ಆದ್ದರಿಂದ ಚಿಕ್ಕದಾಗಿಯೇ ಇರಬೇಕು. ಇಷ್ಟು ಜನರಿಗೆ ಇಷ್ಟೇ ಸದ್ದು. ಡಿಕ್ಕಿ ಆಗದೆ ಇನ್ನೇನು? ಸಾವಿರ ಕಡೆ ಅರ್ಥ ಬೇರೆ ಆಗ್ತದೆ, ಎರಡು ಮೂರು ಕಡೆ ಅರ್ಥವೂ ಹೊಂದುತ್ತದೆ. ನಾವು ಆ ಎರಡು ಮೂರನ್ನು ಮಾತ್ರ ನೆನಪಿಟ್ಟುಕೊಂಡು ವಾಟ್ಸಾಪಿನಲ್ಲಿ ಕಳಿಸ್ತೇವೆ.

ಅರ್ಥ ಪೂರ್ತಿ ಹೊಂದಿದ ಒಂದು ಉದಾಹರಣೆ ಓದಿದ್ದೆ. ಆಸ್ಟ್ರೇಲಿಯಾದಲ್ಲಿ ಎಂಬಬರಂ ಅನ್ನೋ ಮೂಲನಿವಾಸಿಗಳ ಭಾಷೆ ಇತ್ತು. ಡಿಕ್ಸನ್ ಎಂಬ ವಿದ್ವಾಂಸ ಅದರ ಕೊನೆಯ ಮಾತುಗಾರರೊಬ್ಬರ ಹತ್ತಿರ ನಾಯಿಗೆ ಏನಂತೀರಿ ಅಂತ ಕೇಳಿದ. ಉತ್ತರ ಬಂತು: "ಡಾಗ್". ಇಂಗ್ಲಿಷಿನಿಂದ ಎರವಲು ಅಂತಲೇ ಯಾರಾದರೂ ಅಂದುಕೊಳ್ಳೋದು. ಅಲ್ಲ. ಅಕ್ಕಪಕ್ಕದ ಒಂದು ಭಾಷೆಯಲ್ಲಿ ನಾಯಿಗೆ "ಗುಡಗ" ಅಂತ ಇದೆ. ಎಂಬಬರಂ ಭಾಷೆಯಲ್ಲಿ ಪದಗಳ ಮೊದಲ ಭಾಗ ಉದುರುತ್ತಾ, ಸ್ವರ ಬದಲಾಗುತ್ತಾ ಅದೇ "ಡಾಗ್" ಆಗಿತ್ತು. ಪಾರ್ಸಿಯ "ಬದ್" ಅಂದರೆ ಕೆಟ್ಟದ್ದು, ಇಂಗ್ಲಿಷಿನ "ಬ್ಯಾಡ್" ಕೂಡ ಕೆಟ್ಟದ್ದು. ಇವೆರಡು ಭಾಷೆ ದೂರದ ನೆಂಟರು ಹೌದು, ಆದರೆ ಈ ಎರಡು ಪದ ಮಾತ್ರ ಅಲ್ಲ.

ಕಾಳಿತೀರ, ಕಾರವಾರ

ಸೊಸೆಗೆ ಇಲ್ಲಿಯವರೆಗೆ ಓದಿ ಹೇಳಿದೆ. ಮುಖ ಸಣ್ಣದಾಗಿದೆ. ಒಂದು ಪ್ರಶ್ನೆ ಕೇಳಿದ್ದಾಳೆ: "ಈಜಿಪ್ಟಿನಲ್ಲಿ ಸಿಕ್ಕಿದ ಗ್ರೀಕ್ ನಾಟಕದಲ್ಲಿ ಕನ್ನಡ ಇದೆ ಅಂತ ನಮ್ಮ ಸರ್ ಹೇಳಿದ್ದರು, ಅದೂ ಕಾಕತಾಳೀಯವಾ?" ಗೊತ್ತಿದ್ದವರು ಹೇಳಿ.

ಮುಂಡಗೋಡ ಮೇಷ್ಟ್ರು

ಅದು ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿದ ಪಪೈರಸ್, ಅಂದರೆ ಜೊಂಡಿನ ಹಾಳೆ. ಸಂಖ್ಯೆ 413. ಸುಮಾರು ಎರಡನೇ ಶತಮಾನದ್ದು. ಖಾರಿಷಿಯನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲ ದಂಡೆಯ ರಾಜನೊಬ್ಬನ ಕೈಗೆ ಸಿಕ್ಕಿಬಿದ್ದಿರುತ್ತಾಳೆ, ಅವಳ ಅಣ್ಣ ಬಂದು ಬಿಡಿಸುತ್ತಾನೆ. ನಗೆನಾಟಕ. ನಡುವೆ ರಾಜನ ಕಡೆಯವರು ಏನೋ ಅರ್ಥವಾಗದ ಭಾಷೆ ಮಾತಾಡುತ್ತಾರೆ. 1904ರಲ್ಲಿ ಹುಲ್ಜ್ ಎಂಬ ಜರ್ಮನ್ ವಿದ್ವಾಂಸ ಅದು ಕನ್ನಡ ಅಂದ. ಗೋವಿಂದ ಪೈಗಳೂ ಈ ಬಗ್ಗೆ ಬರೆದಿದ್ದಾರೆ. ತುಳು ಅಂದವರೂ ಇದ್ದಾರೆ, ಸುಮ್ನೆ ನಗಿಸೋಕೆ ಬರೆದ ಅರ್ಥವಿಲ್ಲದ ಸದ್ದು ಅಂದವರೂ ಇದ್ದಾರೆ. ಇವತ್ತಿಗೂ ಒಮ್ಮತ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಕರಾವಳಿಗೆ ಗ್ರೀಕ್ ವ್ಯಾಪಾರಿಗಳು ಬರುತ್ತಿದ್ದದ್ದು ನಿಜ, ಹಾಗಾಗಿ ಆಸೆಗೆ ಆಧಾರ ಇದೆ. ಆದರೆ ಗ್ರೀಕ್ ಅಕ್ಷರದಲ್ಲಿ ಬಿಡಿಸದೆ ಒಟ್ಟಿಗೆ ಬರೆದ ಸಾಲನ್ನು ಬೇಕಾದಲ್ಲಿ ತುಂಡು ಮಾಡಿದರೆ ಚಿಕ್ಕ ಚಿಕ್ಕ ಪದಗಳು ಯಾವ ಭಾಷೆಯಲ್ಲೂ ಸಿಗುತ್ತವೆ. ಅಘನಾಶಿನಿಯವರ 340ರ ಲೆಕ್ಕ ಅಲ್ಲೂ ಕೆಲಸ ಮಾಡುತ್ತದೆ. ಉದ್ದ ಪದ, ಕ್ರಿಯಾಪದದ ಕೊನೆ, ವಿಭಕ್ತಿ ಹೊಂದಿದರೆ ಮಾತ್ರ ನಾನು ತಲೆ ಆಡಿಸುತ್ತೇನೆ.

ಬಾಂಗಡೆ ಅಕ್ಕ, ಸದಾಶಿವಗಡ

ಮಗುವಿಗೆ ಬೇಜಾರ್ ಮಾಡಬೇಡಿ ಮಾರಾಯ್ರೆ. ನಾನೊಂದು ಹೇಳ್ತೇನೆ. ಕೊಂಕಣಿಯಲ್ಲಿ ಇಲ್ಲ ಅನ್ನೋಕೆ ಎರಡು ಪದ. "ಆಸಾ" ಅಂದರೆ ಇದೆ, ಅದಕ್ಕೆ ಉಲ್ಟಾ "ನಾ". "ವ್ಹಯ್" ಅಂದರೆ ಹೌದು, ಅದಕ್ಕೆ ಉಲ್ಟಾ "ನ್ಹಯ್". ಬಾಂಗಡೆ ಖಾಲಿ ಆಗಿದ್ದರೆ "ನಾ". ನೀವು ತಾರ್ಲೆ ಮೀನು ತೋರಿಸಿ ಬಾಂಗಡೆಯಾ ಅಂತ ಕೇಳಿದರೆ "ನ್ಹಯ್". ಕನ್ನಡದಲ್ಲಿ ಇಲ್ಲ ಬೇರೆ, ಅಲ್ಲ ಬೇರೆ, ಹಾಗೇ. ಹಿಂದಿಯವರಿಗೆ ಎರಡಕ್ಕೂ "ನಹೀಂ" ಒಂದೇ. ನೌಕಾನೆಲೆಯ ಕ್ವಾರ್ಟರ್ಸಿನಿಂದ ಬರೋ ಉತ್ತರದ ಬಾಯಿಯಂದಿರು ಕನ್ನಡ ಕಲೀವಾಗ "ಇದು ಬಾಂಗಡೆ ಇಲ್ಲ" ಅಂತಾರೆ. ಕೊಂಕಣಿಯವರು ಎಷ್ಟೇ ಹರಕು ಮುರುಕು ಕನ್ನಡ ಆಡಿದರೂ ಈ ತಪ್ಪು ಮಾಡೋದು ನಾನು ಕೇಳಿಲ್ಲ.

ಸದ್ದು ನೋಡಿದರೆ "ನಾ" ನಮ್ಮನ್ನೂ ನಿಮ್ಮನ್ನೂ ಜಗಳಕ್ಕೆ ಹಚ್ಚುತ್ತದೆ. ಒಳಗಿನ ಲೆಕ್ಕ ಒಂದೇ.

ಕಾಳಿತೀರ, ಕಾರವಾರ

ಅಕ್ಕಾ, ನೀವು ಬೇಜಾರ್ ಮಾಡಬೇಡಿ ಅಂದದ್ದೇ ತಡ, ಸೊಸೆ ಪಕ್ಕದಲ್ಲಿ ಕುಣಿಯುತ್ತಿದ್ದಾಳೆ. ಕೊರಿಯನ್ನಲ್ಲೂ ಎರಡಂತೆ! ಇಲ್ಲ ಅನ್ನೋಕೆ "ಒಪ್ಸೊ", ಅಲ್ಲ ಅನ್ನೋಕೆ "ಅನಿಯಾ". "ಈಗ ಹೇಳಿ ಮಾಮಾ, ಒಂದೇ ಬುಡ ಹೌದೋ ಅಲ್ಲವೋ" ಅಂತ ಕೇಳ್ತಾ ಇದ್ದಾಳೆ. ಮಾಣಿ, ಎಲ್ಲಿದ್ದೀರಿ?

ಘಟ್ಟದ ಮಾಣಿ, ಶಿರಸಿ

ಅಡಿಕೆಯ ಕೊನೆಕೊಯ್ಲಿನ ಗಡಿಬಿಡಿಯಲ್ಲಿದ್ದೇನೆ. ಕೂಸು ಹುಷಾರಿದ್ದಾಳೆ, ಒಪ್ಪಿದೆ. ಅವಳ ಮೊದಲ ಪುರಾವೆಗಿಂತ ಇದು ಎಷ್ಟೋ ಮೇಲು. ಆದರೂ ಬುಡ ಒಂದಾಗೋದಿಲ್ಲ. ಇರೋದು ಬೇರೆ, ಆಗಿರೋದು ಬೇರೆ ಅಂತ ವಿಂಗಡಿಸುವ ಭಾಷೆಗಳು ಲೋಕದಲ್ಲಿ ಬಹಳ ಇವೆ. ಮುಂಡಗೋಡದವರು ಟಿಬೆಟಿಯನ್ನಲ್ಲಿ ಹೇಗೆ ಅಂತ ಹೇಳಲಿ.

ಮುಂಡಗೋಡ ಮೇಷ್ಟ್ರು

ಅಲ್ಲೂ ಎರಡೇ. ಇದೆ ಅಂದರೆ "ಯೋ", ಇಲ್ಲ ಅಂದರೆ "ಮೇ". ಹೌದು ಅಂದರೆ "ಯಿನ್", ಅಲ್ಲ ಅಂದರೆ "ಮಿನ್". ಬೆಂಕಿಗೂ "ಮೇ" ಅಂತಲೇ ಅನ್ನುತ್ತಾರೆ. ನಮ್ಮಲ್ಲಿ ಅದು ಆಡಿನ ಕೂಗು, ಕ್ಯಾಲೆಂಡರಿನಲ್ಲಿ ಸೆಕೆಯ ತಿಂಗಳು. ನಾಳೆ ಪೇಟೆಗೆ ಹೋದಾಗ ಅಂಗಡಿಯ ಪಾಲಾ ಹತ್ತಿರ ಇನ್ನಷ್ಟು ಕೇಳಿಕೊಂಡು ಬರುತ್ತೇನೆ. ಪಾಲಾ ಅಂದರೆ ಅಪ್ಪ, ಗೌರವದ ಆ "ಲಾ" ಸೇರಿದ್ದು. ಹಾಲಲ್ಲ.